ಪ್ರಾಯೋಜಕತ್ವ ಮತ್ತು ಬ್ರ್ಯಾಂಡ್‌ನ ವಿಶ್ವಾಸಾರ್ಹತೆ: ಹಿಮಕ್ರೀಡೆಯೊಂದರ ನಿದರ್ಶನ

ಖ್ಯಾತ ಆಟಗಾರನಿಗೆ ಹಣ ನೀಡಿ, ಅವನ ಹೆಸರನ್ನು ತಮ್ಮ ಉತ್ಪನ್ನದ ಪ್ರಚಾರಕ್ಕೆ ಬಳಸಿಕೊಳ್ಳುವುದೇ ಪ್ರಾಯೋಜಕತ್ವವೆಂಬ ಭಾವನೆ ವ್ಯಾಪಾರ ವಲಯದಲ್ಲಿ ಸಾಮಾನ್ಯವಾಗಿದೆ. ಇದು ಅರ್ಧಸತ್ಯವೆಂಬುದನ್ನು ಫ್ರೀಸ್ಕೀಯಿಂಗ್ ಕ್ರೀಡೆಯ ಇತಿಹಾಸವು ತೋರಿಸಿಕೊಡುತ್ತದೆ. ಹಿಮದ ಇಳಿಜಾರಿನಲ್ಲಿ ಸ್ಕೀ ಹಲಗೆಗಳ ಮೇಲೆ ಜಾರುತ್ತಾ, ಮೇಲಕ್ಕೆ ನೆಗೆದು ಕಸರತ್ತು ಪ್ರದರ್ಶಿಸುವ ಕ್ರೀಡೆ ಇದು.

1990ರ ದಶಕದಲ್ಲಿ ಸಾಮಾನ್ಯ ಸ್ಕೀ ಹಲಗೆಗಳ ಮುಂತುದಿ ಮಾತ್ರ ಮೇಲಕ್ಕೆ ಬಾಗಿರುತ್ತಿತ್ತು. ಹಿಮ್ಮುಖವಾಗಿ ಜಾರಲು ಅವು ಅನುಕೂಲವಾಗಿರಲಿಲ್ಲ. ಕೆನಡಾದ ಮೈಕ್ ಡಗ್ಲಸ್ ಹಾಗೂ ಸಂಗಡಿಗರು ಎರಡೂ ತುದಿ ಬಾಗಿದ ಹಲಗೆಯ ಪ್ರಸ್ತಾವವನ್ನು ತಯಾರಕರ ಮುಂದಿಟ್ಟರು. ಫ್ರಾನ್ಸಿನ ಸಾಲೊಮನ್ ಸಂಸ್ಥೆಯು ಅದನ್ನು ಒಪ್ಪಿ, 1998ರಲ್ಲಿ ‘ಟೆನ್‌ಎಯ್ಟಿ’ ಹಲಗೆಯನ್ನು ಮಾರುಕಟ್ಟೆಗೆ ತಂದಿತು. ಇಲ್ಲಿ ಆಟಗಾರರು ಜಾಹೀರಾತಿನ ಮುಖಗಳಷ್ಟೇ ಆಗಿರದೆ ವಿನ್ಯಾಸದಲ್ಲಿಯೂ ಪಾಲುದಾರರಾಗಿದ್ದರು.

2002ರಲ್ಲಿ ಜೆ.ಪಿ. ಒಕ್ಲೇರ್, ಟ್ಯಾನರ್ ಹಾಲ್ ಮೊದಲಾದ ಆಟಗಾರರು ಒಂದು ಹೆಜ್ಜೆ ಮುಂದೆ ಹೋಗಿ, ದೊಡ್ಡ ಪ್ರಾಯೋಜಕರನ್ನು ತೊರೆದು ‘ಆರ್ಮಾಡಾ’ ಎಂಬ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿದರು. ಬಳಸುವವರೇ ರೂಪಿಸಿದ ಹಲಗೆ ಎಂಬ ನಂಬಿಕೆಯೇ ಅದರ ಮುಖ್ಯ ಬಂಡವಾಳವಾಯಿತು. 2017ರಲ್ಲಿ, ಸಾಲೊಮನ್‌ನ ಒಡೆತನ ಹೊಂದಿದ್ದ ಅಮೆರ್ ಸ್ಪೋರ್ಟ್ಸ್ ಸಂಸ್ಥೆಯೇ ಆರ್ಮಾಡಾವನ್ನು ಖರೀದಿಸಿತು. ಆಟಗಾರರು ಗಳಿಸಿದ್ದ ಆ ನಂಬಿಕೆಗೆ ಬೃಹತ್ ಉದ್ಯಮವೂ ಬೆಲೆ ತೆರಬೇಕಾಯಿತು.

ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶವಿದು: ಹೆಸರನ್ನು ಹಣದಿಂದ ಪಡೆಯಬಹುದು, ನಂಬಿಕೆಯನ್ನು ಸರಕಿನ ಮೂಲಕವೇ ಗಳಿಸಬೇಕು. ಪ್ರಚಾರಕ್ಕೆ ಹಣ ತೊಡಗಿಸುವ ಮುನ್ನ, ತಮ್ಮ ಸರಕನ್ನು ನಿತ್ಯ ಬಳಸುವ ನುರಿತ ಗ್ರಾಹಕರ ಸಲಹೆಗಳನ್ನು ತಯಾರಿಕೆಯಲ್ಲಿ ಅಳವಡಿಸಿಕೊಳ್ಳುವುದು ಲೇಸು. ಅಂತಹ ಗ್ರಾಹಕರು ಆಡುವ ಒಳ್ಳೆಯ ಮಾತಿಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ತೂಕವಿರುತ್ತದೆ.