ಕರಿಗುಡ್ಡೆಯ ಅಂಚಿನ ಒಟ್ಲು

ಕೆಂಗೇರಿ ದಾಟಿ ಕುಂಬಳಗೋಡಿನ ಕಡೆ ಮೈಸೂರು ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ಕಣ್ಣಿಗೆ ದೂಳು ಬೀಳುವುದು ಹೊಸದಲ್ಲ. ಟಿಪ್ಪರ್‌ನಿಂದ ಹಾರಿದ ಮರಳಿನ ಕಣವೋ, ಗ್ರೈಂಡಿಂಗ್ ಮಾಡುವಾಗ ಸಿಡಿದ ಕಬ್ಬಿಣದ ಚೂರೋ ಒಳಗೆ ಹೊಕ್ಕಿತೆಂದರೆ ಕೈ ತಾನಾಗಿ ಕಣ್ಣುಜ್ಜುತ್ತದೆ. ಆಮೇಲೆ ಧಾರಾಕಾರ ನೀರು, ಬೆಳಕು ಕಂಡರೆ ಚುಚ್ಚಿದಂತಾಗುವ ಉರಿ. ಆದರೂ ಗೀರು ಸಣ್ಣದಾಗಿದ್ದು ಕೀವಾಗದಿದ್ದರೆ ಒಂದೆರಡು ದಿನದಲ್ಲಿ ಕಣ್ಣು ಮೊದಲಿನಂತಾಗುತ್ತದೆ. ಗುರುತೂ ಉಳಿಯುವುದಿಲ್ಲ.

ತರಚಿದ ಮೊಣಕಾಲು ಹೀಗೆ ವಾಸಿಯಾಗುವುದಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಬೇಕು, ಹಕ್ಕಳೆ ಕಟ್ಟಿ ಉದುರಬೇಕು. ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ನಮಗೆ ನೋಟ ಸ್ವಚ್ಛವಾಗಿರುತ್ತಿರಲಿಲ್ಲ. ಅದರ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಚೂರು ಹೆಚ್ಚು. ಮೇಲಿನ ಸಿಪ್ಪೆ ಅದರಲ್ಲಿ ಹತ್ತನೇ ಒಂದು ಪಾಲು, ಜೀವಕೋಶಗಳ ಐದಾರು ಸಾಲು. ನರದ ತುದಿಗಳು ಮಾತ್ರ ಅಲ್ಲಿ ಚರ್ಮಕ್ಕಿಂತ ನೂರಾರು ಪಟ್ಟು ದಟ್ಟ. ಸಾಸಿವೆಯಷ್ಟು ಗಾಯಕ್ಕೂ ಜೀವ ಹೋಗುವಂಥ ನೋವು ಅದಕ್ಕೇ.

ಗೀರಾದ ಮೊದಲ ಕೆಲವು ಗಂಟೆ ಏನೂ ನಡೆಯದಂತೆ ಕಾಣುತ್ತದೆ. ನಂತರ ಗಾಯದ ಅಂಚಿನ ಕೋಶಗಳು ತಳದ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಒಂದಕ್ಕೊಂದು ಅಂಟಿಕೊಂಡೇ ಹಾಳೆಯಂತೆ ಖಾಲಿ ಜಾಗಕ್ಕೆ ಜಾರುತ್ತವೆ. ಮೊದಲು ಮುಚ್ಚುವುದು, ಆಮೇಲೆ ಹೆಚ್ಚಿ ದಪ್ಪವಾಗುವುದು. ಕೊನೆಯ ಕೆಲಸ ತಳಕ್ಕೆ ಬಿಗಿಯಾಗಿ ನಾಟಿಕೊಳ್ಳುವುದು. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮಗುವಿನ ಉಗುರು ತಾಗಿ ವಾಸಿಯಾದ ಕಣ್ಣು ಎಷ್ಟೋ ದಿನಗಳ ಮೇಲೆ ಒಂದು ಬೆಳಗಿನ ಜಾವ ಮತ್ತೆ ಚುರುಕ್ ಎನ್ನುವುದುಂಟು: ಇನ್ನೂ ಸರಿಯಾಗಿ ನಾಟದ ಸಿಪ್ಪೆಯನ್ನು ರೆಪ್ಪೆ ಎಳೆದಿರುತ್ತದೆ.

ನೋವು ಮರೆಸುವ ಮರಗಟ್ಟಿಸುವ ಹನಿಯನ್ನು ಮೆಡಿಕಲ್ ಶಾಪಿನಿಂದ ತಂದು ಪದೇ ಪದೇ ಹಾಕಿಕೊಳ್ಳುವವರಿದ್ದಾರೆ. ಅದು ಜಾರುತ್ತಿರುವ ಕೋಶಗಳನ್ನೇ ತಡೆದು ಗಾಯವನ್ನು ಹುಣ್ಣಾಗಿಸಬಲ್ಲದು. ಹುಲ್ಲಿನ ಗರಿ, ಭತ್ತದ ಹೊಟ್ಟು ತಾಗಿದ ಕಣ್ಣಿಗೆ ಸ್ಟೀರಾಯ್ಡ್ ಹನಿಯೂ ಅಷ್ಟೇ ಅಪಾಯ, ಒಳಗೆ ಬೂಷ್ಟು ಬೆಳೆಯಬಹುದು. ಗಾಯ ಸಿಪ್ಪೆ ದಾಟಿ ಆಳಕ್ಕಿಳಿದರೆ ಬಿಳಿ ಕಲೆ ಉಳಿಯುತ್ತದೆ. ಹಳ್ಳಿಯವರು ‘ಕಣ್ಣಿಗೆ ಹೂ ಬಿತ್ತು’ ಎನ್ನುವುದು ಇದಕ್ಕೆ.

ಇಷ್ಟೆಲ್ಲ ಹೊಸ ಕೋಶಗಳು ಬರುವುದೆಲ್ಲಿಂದ? ಕಪ್ಪು ಮತ್ತು ಬಿಳುಪು ಕೂಡುವ ಅಂಚಿನಿಂದ. ವೈದ್ಯರು ಲಿಂಬಸ್ ಎನ್ನುವ ಈ ಉಂಗುರದಲ್ಲಿ ಕಾಂಡಕೋಶಗಳಿವೆ. ರಾಗಿ ಬೆಳೆಯುವವರ ಮಾತಿನಲ್ಲಿ ಹೇಳುವುದಾದರೆ ಅದು ಒಟ್ಲು, ಅಂದರೆ ಸಸಿಮಡಿ. ಅಲ್ಲಿ ಹುಟ್ಟಿದ ಪೈರು ಜೀವಮಾನವಿಡೀ ನಡುವಿನತ್ತ ಸಾಗುತ್ತಲೇ ಇರುತ್ತದೆ.

ಈ ಒಟ್ಲನ್ನು ಸುಡುವುದರಲ್ಲಿ ಸುಣ್ಣ ಮುಂದು. ಎಲೆಅಡಿಕೆಯ ಸುಣ್ಣದ ಪ್ಯಾಕೆಟ್ಟನ್ನು ಮಕ್ಕಳು ಹಿಸುಕಿದಾಗ ಚಿಮ್ಮುವುದು ನೇರ ಕಣ್ಣಿಗೆ. ಆಗ ಎಣ್ಣೆ, ಎದೆಹಾಲು ಯಾವುದೂ ಬೇಡ. ರೆಪ್ಪೆ ಅಗಲಿಸಿ, ಒಳಗೆ ಅಂಟಿದ ಸುಣ್ಣವೆಲ್ಲ ಹೋಗುವಂತೆ ಅರ್ಧ ಗಂಟೆ ನಲ್ಲಿ ನೀರು ಬಿಟ್ಟು ತೊಳೆಯಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು. ಕಾಂಡಕೋಶಗಳು ಸತ್ತರೆ ಬಿಳುಪಿನ ಪದರ ರಕ್ತನಾಳಗಳ ಸಮೇತ ಕರಿಗುಡ್ಡೆಯ ಮೇಲೆ ಹಬ್ಬುತ್ತದೆ. ಅಂಥ ಕಣ್ಣಿಗೆ ದಾನದ ಕಾರ್ನಿಯಾ ಹೊಲಿದರೂ ಅದು ಬಾಳುವುದಿಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೊಂದು ಸರಳ ದಾರಿ ಪ್ರಕಟಿಸಿದರು: ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಸುಮಾರು ಎರಡು ಮಿಲಿಮೀಟರ್ ಚೂರು ತೆಗೆದು, ಹೆಚ್ಚಿ, ಗಾಯಗೊಂಡ ಕಣ್ಣಿಗೆ ಹೊದಿಸಿದ ಗರ್ಭಚೀಲದ ಪೊರೆಯ ಮೇಲೆ ನಾಟಿ ಮಾಡುವುದು.

ಎರಡೂ ಕಣ್ಣು ಸುಟ್ಟವರಿಗೆ ಪೈರು ಎಲ್ಲಿಂದ ತರಬೇಕು? ಈ ಪ್ರಶ್ನೆಗೆ ಬೆಂಗಳೂರಿನಲ್ಲೂ ಉತ್ತರ ಹುಡುಕಲಾಗಿದೆ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು, 2006ರಲ್ಲಿ ಅವರ ತಂದೆಯವನ್ನು ಪಡೆದಂತೆಯೇ, ನಾರಾಯಣ ನೇತ್ರಾಲಯ ದಾನವಾಗಿ ಪಡೆಯಿತು. ಎರಡು ಕಾರ್ನಿಯಾಗಳನ್ನೂ ಪದರವಾಗಿ ಸೀಳಿ, ಮೇಲ್ಪದರವನ್ನು ಇಬ್ಬರಿಗೆ, ಒಳಪದರವನ್ನು ಇನ್ನಿಬ್ಬರಿಗೆ ಜೋಡಿಸಿದ್ದು ಊರಿಗೆಲ್ಲ ಗೊತ್ತು. ಅಷ್ಟಾಗಿ ಸುದ್ದಿಯಾಗದ್ದು ಮಿಕ್ಕ ಅಂಚಿನ ಉಂಗುರದ ಕಥೆ. ಆಸಿಡ್, ಸುಣ್ಣಗಳಿಂದ ಒಟ್ಲು ಕಳೆದುಕೊಂಡವರಿಗಾಗಿ ಮುಂದೊಂದು ದಿನ ಕಾಂಡಕೋಶ ಬೆಳೆಸಲು ಸಾಧ್ಯವೇ ಎಂದು ನೋಡಲು ಅದನ್ನು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಕಳಿಸಲಾಯಿತು.