ನಗಿಸುವವನ ಋಣ: ಜಪಾನಿನ ‘ಗಿಂತಾಮ’

ಸದಾ ನಗಿಸುತ್ತ ತಿರುಗುವವರು ಪ್ರತಿಯೊಂದು ಊರಿನಲ್ಲಿಯೂ ಒಬ್ಬರಾದರೂ ಇರುತ್ತಾರೆ. ಮದುವೆಮನೆ, ಸಂತೆ, ಬಸ್ ನಿಲ್ದಾಣ, ಎಲ್ಲಿ ಹೋದರೂ ಅವರದೊಂದು ಮಾತು ಇದ್ದೇ ಇರುತ್ತದೆ. ಇವರಿಗೇನು ಚಿಂತೆ ಎಂದು ಜನ ಅಂದುಕೊಳ್ಳುತ್ತಾರೆ. ಅಂಥವರ ಮನಸ್ಸಿನಲ್ಲಿ ಏನಿದೆ ಎಂಬುದು ತಿಳಿಯಲು ಬಹಳ ವರ್ಷ ಬೇಕಾಗುತ್ತದೆ. ಜಪಾನಿನ ಒಂದು ಕಾರ್ಟೂನ್ ಧಾರಾವಾಹಿ ಇದೇ ರೀತಿ ಸುಮಾರು ಹತ್ತು ವರ್ಷ ನಗಿಸಿ, ಆಮೇಲೆ ತನ್ನ ನಾಯಕನ ದೊಡ್ಡ ದುಃಖವನ್ನು ಬಿಚ್ಚಿ ತೋರಿಸಿತು. ಅದರ ಹೆಸರು ‘ಗಿಂತಾಮ’.

ಕಾರ್ಟೂನ್ ಎಂದೊಡನೆ ಮಕ್ಕಳ ಆಟವೆಂದು ತಿಳಿಯಬೇಡಿ. ಜಪಾನಿನಲ್ಲಿ ದೊಡ್ಡವರಿಗಾಗಿಯೂ ಚಿತ್ರಕಥೆಗಳನ್ನು ಬರೆಯುತ್ತಾರೆ. ಅಚ್ಚಿನಲ್ಲಿ ಬಂದರೆ ಅದು ‘ಮಾಂಗಾ’, ಪರದೆಯ ಮೇಲೆ ಓಡಾಡಿದರೆ ‘ಅನಿಮೆ’. ಗಿಂತಾಮ ಮೊದಲು ಮಾಂಗಾ ಆಗಿತ್ತು. ಉತ್ತರದ ಹೊಕ್ಕೈಡೊ ದ್ವೀಪದ ಹಿದೆಯಾಕಿ ಸೊರಾಚಿ ಎಂಬವರು ಇದನ್ನು 2003ರ ಡಿಸೆಂಬರಿನಲ್ಲಿ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಆರಂಭಿಸಿದರು. ಅನಿಮೆ 2006ರ ಏಪ್ರಿಲಿನಲ್ಲಿ ಟಿವಿ ಟೋಕಿಯೊದಲ್ಲಿ ಶುರುವಾಗಿ, ನಡುನಡುವೆ ನಿಂತು, 2018ರವರೆಗೆ 367 ಕಂತುಗಳಾಗಿ ನಡೆಯಿತು. 2021ರ ಜನವರಿಯಲ್ಲಿ ತೆರೆಕಂಡ ಚಲನಚಿತ್ರದೊಂದಿಗೆ ಮುಖ್ಯ ಕಥೆ ಮುಗಿಯಿತು.

ಇನ್ನು ಕಥೆಯ ಹಿನ್ನೆಲೆ. ಟೋಕಿಯೊ ನಗರಕ್ಕೆ ಹಿಂದೆ ಎದೊ ಎಂಬ ಹೆಸರಿತ್ತು. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಯುದ್ಧನೌಕೆಗಳೊಂದಿಗೆ ಅಲ್ಲಿಗೆ ಬಂದು, ಹೊರಗಿನವರಿಗೆ ಮುಚ್ಚಿದ್ದ ದೇಶದ ಬಾಗಿಲನ್ನು ತೆರೆಯಬೇಕೆಂದು ಒತ್ತಾಯಿಸಿದನು. 1868ರಲ್ಲಿ ಶೋಗುನ್ ಎಂಬ ಸೇನಾಧಿಪತಿಗಳ ಆಳ್ವಿಕೆ ಕೊನೆಗೊಂಡಿತು. 1876ರಲ್ಲಿ ಸಮುರಾಯಿ ಯೋಧರು ಸೊಂಟದಲ್ಲಿ ಕತ್ತಿ ಧರಿಸುವುದನ್ನೂ ಸರಕಾರ ನಿಷೇಧಿಸಿತು. ಇದು ಚರಿತ್ರೆ. ಸೊರಾಚಿಯವರು ಮಾಡಿದ ತಮಾಷೆ ಏನೆಂದರೆ, ಅಮೆರಿಕದವರ ಜಾಗದಲ್ಲಿ ಅನ್ಯಗ್ರಹದವರನ್ನು ತಂದು ಕೂರಿಸಿದರು. ಸಮುರಾಯಿಗಳು ಹೋರಾಡಿದರು, ಸೋತರು. ಶೋಗುನ್ ಶರಣಾದನು. ಕತ್ತಿ ಹಿಡಿಯಬಾರದೆಂದು ಆಜ್ಞೆಯಾಯಿತು. ಹೆಂಚಿನ ಮನೆಗಳ ಮೇಲೆ ಆಕಾಶನೌಕೆಗಳು ಹಾರಾಡತೊಡಗಿದವು.

ಪಾತ್ರಗಳ ಹೆಸರುಗಳನ್ನೂ ಚರಿತ್ರೆಯಿಂದಲೇ ಎತ್ತಿ ಸ್ವಲ್ಪ ಬದಲಾಯಿಸಿದ್ದಾರೆ. ಶೋಗುನ್ ಪರವಾಗಿ ಹೋರಾಡಿದ ಶಿನ್ಸೆನ್‌ಗುಮಿ ಪಡೆಯ ನಾಯಕ ಕೊಂಡೊ ಇಸಾಮಿ ಇಲ್ಲಿ ಕೊಂಡೊ ಇಸಾವೊ ಆಗಿದ್ದಾನೆ. ಚರಿತ್ರೆಯ ಪುಸ್ತಕದ ಆ ಗಂಭೀರ ಸೇನಾನಿ ಇಲ್ಲಿ ಒಬ್ಬ ಹುಡುಗಿಯ ಹಿಂದೆ ಬಿದ್ದು ಆಕೆಯ ಕೈಯಿಂದಲೇ ಮತ್ತೆ ಮತ್ತೆ ಪೆಟ್ಟು ತಿನ್ನುತ್ತಾನೆ.

ಕಥಾನಾಯಕ ಸಕಾತಾ ಗಿಂತೋಕಿ. ಬೆಳ್ಳಿಯ ಬಣ್ಣದ ಗುಂಗುರು ಕೂದಲು, ಸೊಂಟದಲ್ಲಿ ಮರದ ಕತ್ತಿ. ಸಿಹಿ ಎಂದರೆ ಪ್ರಾಣ, ಹಾಗಾಗಿ ಸಕ್ಕರೆ ಕಾಯಿಲೆಯ ಭಯವೂ ಉಂಟು. ಯಾರು ಯಾವ ಕೆಲಸ ಹೇಳಿದರೂ ಮಾಡಿಕೊಡುವ ಒಂದು ಅಂಗಡಿ ಇಟ್ಟುಕೊಂಡಿದ್ದಾನೆ. ಬೆಕ್ಕು ಹುಡುಕುವುದರಿಂದ ಹಿಡಿದು ಮಾಡು ರಿಪೇರಿಯವರೆಗೆ ಎಲ್ಲವೂ ಸೈ. ಅವನ ಜೊತೆಗೆ ಇಬ್ಬರು: ತಂದೆಯ ಕಾಲದ ಕತ್ತಿವಿದ್ಯೆಯ ಶಾಲೆಯನ್ನು ಉಳಿಸಿಕೊಳ್ಳಲು ಒದ್ದಾಡುವ ಕನ್ನಡಕದ ಹುಡುಗ ಶಿಂಪಾಚಿ, ಮತ್ತು ಅನ್ಯಗ್ರಹದಿಂದ ಬಂದ, ಹಂಡೆಗಟ್ಟಲೆ ಅನ್ನ ಉಣ್ಣುವ ಬಲಶಾಲಿ ಹುಡುಗಿ ಕಾಗುರಾ. ಮೂವರಿಗೂ ಸಂಪಾದನೆ ಅಷ್ಟಕ್ಕಷ್ಟೆ. ಬಾಡಿಗೆ ಯಾವಾಗಲೂ ಬಾಕಿ.

ನಗು ಹುಟ್ಟುವ ಬಗೆಯನ್ನೂ ತಿಳಿಯಬೇಕು. ಜಪಾನಿನಲ್ಲಿ ‘ಮಂಜಾಯಿ’ ಎಂಬ ಇಬ್ಬರ ಹಾಸ್ಯಸಂಭಾಷಣೆ ಇದೆ. ಒಬ್ಬನು ಪೆದ್ದುಮಾತು ಆಡುತ್ತಾನೆ, ಇನ್ನೊಬ್ಬನು ತಟ್ಟನೆ ಅದನ್ನು ಹಿಡಿದು ತಿದ್ದುತ್ತಾನೆ. ಯಕ್ಷಗಾನದಲ್ಲಿ ಹಾಸ್ಯಗಾರ ಅಡ್ಡಾದಿಡ್ಡಿ ಮಾತನಾಡಿದಾಗ ಭಾಗವತರು ತಡೆದು ಕೇಳುತ್ತಾರಲ್ಲ, ಸುಮಾರಾಗಿ ಹಾಗೆ. ಗಿಂತಾಮದಲ್ಲಿ ತಿದ್ದುವ ಕೆಲಸ ಹೆಚ್ಚಾಗಿ ಶಿಂಪಾಚಿಯದು. ಧಾರಾವಾಹಿ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದೂ ಉಂಟು. ಕೆಲವು ಸಲ ಅಂಗಡಿಯ ಹೊರಗಿನ ಒಂದೇ ಚಿತ್ರವನ್ನು ನಿಲ್ಲಿಸಿಟ್ಟು, ಒಳಗಿನಿಂದ ಬರೀ ಮಾತು ಕೇಳಿಸುತ್ತಾರೆ, ದುಡ್ಡು ಉಳಿಸಲು ಹೀಗೆ ಮಾಡಿದ್ದೇವೆ ಎಂಬ ಧಾಟಿಯಲ್ಲಿ. ಮುಗಿಯಿತು ಎಂದು ಹೇಳಿ ಮತ್ತೆ ಬರುವುದಂತೂ ಇವರ ಹಳೆಯ ಚಾಳಿ. ಮಾಂಗಾ 2018ರ ಸೆಪ್ಟೆಂಬರಿನಲ್ಲಿ ಮುಗಿಯುವುದೆಂದು ಮುಂಚಿತವಾಗಿ ಪ್ರಕಟಿಸಿದ್ದರು. ಆ ದಿನ ಬಂದರೂ ಕಥೆ ಮುಗಿಯಲಿಲ್ಲ. ಬೇರೊಂದು ಪತ್ರಿಕೆಗೆ ಹೋಯಿತು, ಅಲ್ಲಿಯೂ ಮುಗಿಯಲಿಲ್ಲ. ಕೊನೆಗೆ ಮೊಬೈಲ್ ಆಪ್‌ನಲ್ಲಿ 2019ರ ಜೂನ್ ತಿಂಗಳಲ್ಲಿ ಮುಗಿಯಿತು. ಒಟ್ಟು ಸಂಪುಟ 77.

ಇಷ್ಟೇ ಆಗಿದ್ದರೆ ನಕ್ಕು ಮರೆತುಬಿಡಬಹುದಿತ್ತು. ಆದರೆ ಮನೆಯ ಬಾಡಿಗೆಯ ವಿಷಯ ಹೇಳಿದೆನಲ್ಲ, ಅದರ ಹಿಂದೆ ಒಂದು ಕಥೆಯಿದೆ. ಮನೆಯ ಯಜಮಾನಿ ಒತೋಸೆ ಎಂಬ ಮುದುಕಿ, ಕೆಳಗಿನ ಅಂತಸ್ತಿನಲ್ಲಿ ಪಾನಗೃಹ ನಡೆಸುತ್ತಾಳೆ. ಬಾಕಿಗಾಗಿ ಅವಳೂ ಗಿಂತೋಕಿಯೂ ಜಗಳವಾಡುವುದನ್ನು ನೋಡಿ ನಾವು ನಗುತ್ತೇವೆ. ಯುದ್ಧದ ಬಳಿಕ ಗತಿಯಿಲ್ಲದೆ ಅಲೆಯುತ್ತಿದ್ದ ಗಿಂತೋಕಿ, ಹಿಮ ಬೀಳುವ ಒಂದು ದಿನ ಸ್ಮಶಾನದಲ್ಲಿ ಹಸಿದು ಕುಳಿತಿದ್ದನಂತೆ. ಒತೋಸೆ ಸತ್ತ ಗಂಡನ ಸಮಾಧಿಗೆ ಸಿಹಿಕಡುಬು ಇಡಲು ಬಂದಳು. ಅವನು ಅದನ್ನು ಕೇಳಿ ತಿಂದನು. ತಿಂದ ಮೇಲೆ, ನಿನ್ನ ಗಂಡನ ಪಾಲಿನದನ್ನು ತಿಂದಿದ್ದೇನೆ, ಅವನ ಬದಲು ನಿನ್ನನ್ನು ಕಡೆಯವರೆಗೆ ಕಾಯುತ್ತೇನೆ ಎಂದು ಮಾತು ಕೊಟ್ಟನು. 2011ರ ಕಂತುಗಳಲ್ಲಿ ಆ ಮುದುಕಿಯ ಪ್ರಾಣಕ್ಕೆ ಕುತ್ತು ಬಂದಾಗ ಈ ಸಂಗತಿ ನಮ್ಮ ಎದುರು ಬರುತ್ತದೆ. ಅನ್ನದ ಋಣ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆಯನ್ನು ಬಾಕಿ ಇಟ್ಟವನು ಈ ಋಣವನ್ನು ಮಾತ್ರ ಬಾಕಿ ಇಡಲಿಲ್ಲ.

ಇನ್ನೊಂದು ಉದಾಹರಣೆ 2009ರ ಯೋಶಿವಾರ ಕಥೆ. ಚರಿತ್ರೆಯ ಎದೊದಲ್ಲಿ ಯೋಶಿವಾರ ಎಂಬ ವೇಶ್ಯಾವಾಟಿಕೆ ಇತ್ತು. ಹೆಣ್ಣುಮಕ್ಕಳನ್ನು ಸಾಲದ ಲೆಕ್ಕ ಹೇಳಿ ಅಲ್ಲಿ ಹಿಡಿದಿಡುತ್ತಿದ್ದರು. ಕಥೆಯಲ್ಲಿ ಅದು ನೆಲದಡಿಯ ಪಟ್ಟಣ, ಸೂರ್ಯನನ್ನೇ ಕಾಣದ ಜಾಗ. ಸೇಯಿತಾ ಎಂಬ ಜೇಬುಗಳ್ಳ ಹುಡುಗನ ತಮಾಷೆಯಿಂದ ಕಥೆ ಆರಂಭವಾಗುತ್ತದೆ. ಅವನು ಯಾಕೆ ಕದಿಯುತ್ತಾನೆ? ಅಲ್ಲಿ ಬಂದಿಯಾಗಿರುವ ಹಿನೋವಾ ತನ್ನ ತಾಯಿ ಎಂದು ನಂಬಿ, ಅವಳನ್ನು ಒಮ್ಮೆ ನೋಡಲು ಹಣ ಕೂಡಿಸುತ್ತಿದ್ದಾನೆ. ಅವಳು ಓಡಿಹೋಗದಂತೆ ಕಾಲಿನ ನರಗಳನ್ನೇ ಕತ್ತರಿಸಿದ್ದಾರೆ. ಕೊನೆಗೆ ಆ ಪಟ್ಟಣದ ಮಾಡು ತೆರೆದು ಬಿಸಿಲು ಒಳಗೆ ಬೀಳುತ್ತದೆ. ಜೇಬುಗಳ್ಳನನ್ನು ನೋಡಿ ಮೊದಲು ನಕ್ಕಿದ್ದರಿಂದಲೇ ಈಗ ಕಣ್ಣು ಒದ್ದೆಯಾಗುತ್ತದೆ. ನಗಿಸಿದವರು ನಮಗೆ ಮನೆಯವರ ಹಾಗೆ ಆಗಿಬಿಡುತ್ತಾರೆ, ಮನೆಯವರ ಕಷ್ಟ ನಮ್ಮನ್ನು ತಟ್ಟುತ್ತದೆ. ಈ ಧಾರಾವಾಹಿಯ ಗುಟ್ಟು ಇದು.

ಎಲ್ಲಕ್ಕಿಂತ ಭಾರವಾದದ್ದು 2015–16ರ ಕಂತುಗಳಲ್ಲಿ ಬರುತ್ತದೆ. ಚರಿತ್ರೆಯಲ್ಲಿ ಯೋಶಿದಾ ಶೋಯಿನ್ ಎಂಬ ಗುರುವನ್ನು ಶೋಗುನ್ ಸರಕಾರ 1859ರಲ್ಲಿ ಶಿರಚ್ಛೇದ ಮಾಡಿಸಿತು. ಕಥೆಯಲ್ಲಿ ಅವನ ಹೆಸರು ಶೋಯೊ, ಅನಾಥ ಗಿಂತೋಕಿಯನ್ನು ಸಾಕಿದ ಗುರು. ಯುದ್ಧದ ಕೊನೆಗೆ ಸೆರೆಸಿಕ್ಕ ಗಿಂತೋಕಿಯ ಮುಂದೆ ಶತ್ರುಗಳು ಒಂದು ಮಾತು ಇಡುತ್ತಾರೆ: ಗುರುವನ್ನು ಉಳಿಸುತ್ತೀಯೋ, ಗೆಳೆಯರನ್ನು ಉಳಿಸುತ್ತೀಯೋ? ಅವನು ತನ್ನ ಕೈಯಿಂದಲೇ ಗುರುವಿನ ತಲೆ ಕಡಿಯಬೇಕಾಗುತ್ತದೆ. ಅದನ್ನು ಕಣ್ಣಾರೆ ಕಂಡ ಸಹಪಾಠಿ ತಕಾಸುಗಿ, ಗುರುವನ್ನು ಕಿತ್ತುಕೊಂಡ ಈ ಲೋಕವನ್ನೇ ಸುಟ್ಟುಹಾಕುತ್ತೇನೆ ಎಂದು ಹೊರಡುತ್ತಾನೆ. ಗಿಂತೋಕಿ ತನ್ನ ಕೇರಿಯ ಜನರ ಬೆಕ್ಕು ಹುಡುಕುತ್ತ, ನಗಿಸುತ್ತ, ಅಗತ್ಯ ಬಿದ್ದಾಗ ಅವರಿಗೆ ಅಡ್ಡ ನಿಲ್ಲುತ್ತಾನೆ. ಇಬ್ಬರಿಗೂ ಇರುವ ನೋವು ಒಂದೇ. ಅದನ್ನು ಹೊತ್ತು ಬದುಕಿದ ರೀತಿ ಬೇರೆ. ಇದನ್ನು ತಿಳಿದ ಮೇಲೆ ಹಳೆಯ ಕಂತುಗಳನ್ನು ನೋಡಿದರೆ ಅವನ ಸೋಮಾರಿತನವೂ ಹುಡುಗಾಟವೂ ಬೇರೆಯಾಗಿಯೇ ಕಾಣುತ್ತವೆ.

ನೋಡಬಯಸುವವರಿಗೆ ಎರಡು ಮಾತು. ಮೊದಲ ಎರಡು ಕಂತುಗಳು ಮಾಂಗಾ ಓದಿದವರಿಗಾಗಿ ಮಾಡಿದವು. ಹೊಸಬರು ಮೂರನೆಯದರಿಂದ ಆರಂಭಿಸುವುದು ಸುಲಭ. ಒರಟು ಹಾಸ್ಯವೂ ರಕ್ತಪಾತವೂ ಇರುವುದರಿಂದ ಚಿಕ್ಕ ಮಕ್ಕಳಿಗೆ ಇದು ಬೇಡ. ಹೆಸರಿನಲ್ಲಿಯೇ ಕೀಟಲೆಯಿದೆ: ‘ಗಿನ್’ ಎಂದರೆ ಬೆಳ್ಳಿ, ‘ತಾಮ’ ಎಂದರೆ ಆತ್ಮ, ಆದರೆ ಮೊದಲ ಅಕ್ಷರವನ್ನು ಸ್ವಲ್ಪ ತಿರುಗಿಸಿದರೆ ಸಭೆಯಲ್ಲಿ ಆಡಲಾಗದ ಪದವಾಗುತ್ತದೆ. ಇಂಥ ಶ್ಲೇಷೆಗಳು ಅನುವಾದದಲ್ಲಿ ಸೋರಿಹೋಗುತ್ತವೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಇದು ಹೊಸದಲ್ಲ. ಆ ಭಾಷೆಯ ಚೇಷ್ಟೆಯ ಮಾತನ್ನು ಈ ಭಾಷೆಗೆ ತರುವಾಗ ಅದು ಎಷ್ಟು ಕುಂಟುತ್ತದೆ ಎಂಬುದು ನಿಮಗೂ ಗೊತ್ತು. ಸ್ಮಶಾನದಲ್ಲಿ ತಿಂದ ಆ ಒಂದು ಕಡುಬಿನ ಕಥೆ ಮಾತ್ರ ಯಾವ ಭಾಷೆಗೆ ಬಂದರೂ ಕುಂಟುವುದಿಲ್ಲ.