ಹಳೆಯ ಟೇಪುಗಳ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕ್ರಮ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರ ಮನೆಯ ಕಪಾಟಿನೊಳಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಚಿಕ್ಕ ಕ್ಯಾಸೆಟ್ಟುಗಳು ಇರಬಹುದು. ಇವುಗಳಿಗೆ ಮಿನಿ ಡಿವಿ ಎಂದು ಹೆಸರು. 1995ನೆಯ ಇಸವಿಯಲ್ಲಿ ಈ ಪದ್ಧತಿಯು ಬಳಕೆಗೆ ಬಂದ ತರುವಾಯ, ಶಾಲೆಯ ವಾರ್ಷಿಕೋತ್ಸವ, ಕ್ರಿಸ್ಮಸ್ ನಾಟಕ, ಮದುವೆ, ದೀಕ್ಷಾಸ್ನಾನ ಮೊದಲಾದವುಗಳನ್ನು ಅನೇಕರು ಇದರಲ್ಲಿಯೇ ಚಿತ್ರಿಸಿಕೊಂಡರು. ಈಗ ನಮ್ಮೊಡನೆ ಇಲ್ಲದ ಅಧ್ಯಾಪಿಕೆಯರ ಧ್ವನಿಯೂ, ತೀರಿಹೋದ ಅಜ್ಜಿಯ ನಡಿಗೆಯೂ ಕಾಲಂಗುಲ ಅಗಲದ ಆ ಪಟ್ಟಿಯ ಮೇಲೆ ಉಂಟು. ಪಟ್ಟಿಯು ಇನ್ನೂ ಕೆಲವು ಕಾಲ ಬಾಳೀತು. ಅದನ್ನು ಓದತಕ್ಕ ಯಂತ್ರಗಳಾದರೋ ವರುಷ ವರುಷಕ್ಕೆ ಕೆಡುತ್ತಲಿವೆ, ಹೊಸವು ತಯಾರಾಗುವದಿಲ್ಲ. ಆದಕಾರಣ ಕ್ಯಾಮರಾವನ್ನು ಕಂಪ್ಯೂಟರಿಗೆ ಜೋಡಿಸಿ ಚಿತ್ರವನ್ನು ಇಳಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸುವೆನು.

ಮೊದಲು ತಂತಿಯ ವಿಚಾರ. ಬಹುಮಂದಿ ಎಡವುವದು ಇಲ್ಲಿಯೇ. ಕ್ಯಾಮರಾದ ಬದಿಯಲ್ಲಿ ಸಾಮಾನ್ಯವಾಗಿ ಎರಡು ಕಿಂಡಿಗಳಿರುವವು. ಯುಎಸ್‌ಬಿ ಎಂಬ ಕಿಂಡಿಯು ಹೆಚ್ಚಿನ ಕ್ಯಾಮರಾಗಳಲ್ಲಿ ಮೆಮೊರಿ ಕಾರ್ಡಿನ ಬಿಡಿಚಿತ್ರಗಳಿಗೆ ಮಾತ್ರ. ಟೇಪಿನಲ್ಲಿರುವದು ಪೂರ್ಣವಾಗಿ ಹೊರಬರುವದು ಡಿವಿ ಅಥವಾ ಐ-ಲಿಂಕ್ ಎಂದು ಬರೆದಿರುವ ಇನ್ನೊಂದರಿಂದ. ಇದರ ತಂತಿಗೆ ಫೈರ್‌ವೈರ್ ಎಂದು ಹೆಸರು. ಕ್ಯಾಮರಾದ ತುದಿಯಲ್ಲಿ ನಾಲ್ಕು ಕಡ್ಡಿ, ಕಂಪ್ಯೂಟರಿನ ತುದಿಯಲ್ಲಿ ಬಹುಶಃ ಆರು. ಒಂದು ತುದಿ ಫೈರ್‌ವೈರ್, ಮತ್ತೊಂದು ತುದಿ ಯುಎಸ್‌ಬಿ ಆಗಿರುವ ಅಗ್ಗದ ತಂತಿಗಳು ಮಾರಾಟಕ್ಕಿವೆ. ಅವುಗಳನ್ನು ಕೊಳ್ಳುವದು ಹಣವನ್ನು ನೀರಿಗೆ ಹಾಕಿದಂತೆಯೇ, ಏಕೆಂದರೆ ಈ ಎರಡರ ಭಾಷೆ ಬೇರೆ ಬೇರೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಕಿಂಡಿಯೇ ಇಲ್ಲ. ಆಪಲ್ ಕಂಪೆನಿಯವರು 2025ರಲ್ಲಿ ಹೊರಡಿಸಿದ ಮ್ಯಾಕ್‌ಓಎಸ್ 26ರಲ್ಲಿ ಇದರ ಏರ್ಪಾಡನ್ನೇ ತೆಗೆದುಹಾಕಿದ್ದಾರೆ. ಆದದರಿಂದ ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ಬೆನ್ನನ್ನು ಒಮ್ಮೆ ನೋಡಿರಿ. ಅದೂ ಇಲ್ಲವಾದರೆ, ಮೇಜಿನ ಮೇಲಿಡುವ ಕಂಪ್ಯೂಟರಿನೊಳಗೆ ಫೈರ್‌ವೈರ್ ಕಾರ್ಡೊಂದನ್ನು ಕೂಡಿಸಿಕೊಳ್ಳಬಹುದು. ಆರು ಕಡ್ಡಿಯ ತುದಿಯಲ್ಲಿ ವಿದ್ಯುತ್ತೂ ಹರಿಯುವದರಿಂದ ಅದನ್ನು ತಲೆಕೆಳಗಾಗಿ ತುರುಕಿದರೆ ಕ್ಯಾಮರಾ ಕೆಡುವ ಅಪಾಯವುಂಟು. ಎರಡೂ ಯಂತ್ರಗಳನ್ನು ಆರಿಸಿಯೇ ಜೋಡಿಸತಕ್ಕದ್ದು.

ಕ್ಯಾಸೆಟ್ಟನ್ನು ಒಳಗಿಡುವ ಮುಂಚೆ ಅದರ ಬೆನ್ನಿನ ಚಿಕ್ಕ ಗುಂಡಿಯನ್ನು ‘ಸೇವ್’ ಎಂಬ ಕಡೆಗೆ ಸರಿಸಿದರೆ ಹಳೆಯ ಚಿತ್ರದ ಮೇಲೆ ಹೊಸದು ಬೀಳುವ ಭಯವಿಲ್ಲ. ಕರಾವಳಿಯ ಮಳೆಗಾಲವನ್ನು ಅನೇಕ ಸಲ ಕಂಡ ಟೇಪಾದರೆ ಬೆಳಕಿನಲ್ಲಿ ಹಿಡಿದು ನೋಡಬೇಕು. ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕಲೇಬಾರದು. ಆ ಬೂಷ್ಟು ಓದುವ ಹೆಡ್ಡನ್ನು ಮುಚ್ಚಿ ಮುಂದಿನ ಟೇಪುಗಳನ್ನೂ ಕೆಡಿಸುವದು. ಅಂಥದನ್ನು ಈ ಕೆಲಸ ಬಲ್ಲವರ ಕೈಗೆ ಕೊಡುವದೇ ಲೇಸು. ಬೂಷ್ಟಿಲ್ಲದ ಟೇಪಿನಲ್ಲಿಯೂ ಚಿತ್ರವು ಚೌಕ ಚೌಕವಾಗಿ ಒಡೆದು ತೋರಿದರೆ, ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಕೆಲವೇ ಸೆಕೆಂಡು ಓಡಿಸಿದರೆ ಸಾಕು.

ಬಳಿಕ ಕ್ಯಾಮರಾಕ್ಕೆ ಬ್ಯಾಟರಿಯನ್ನು ನಂಬದೆ ಗೋಡೆಯ ವಿದ್ಯುತ್ತನ್ನೇ ಕೊಟ್ಟು, ಅದನ್ನು ‘ಪ್ಲೇ’ ಸ್ಥಿತಿಗೆ ತಿರುಗಿಸಿ, ಟೇಪನ್ನು ಮೊದಲಿಗೆ ಸುತ್ತಿಕೊಳ್ಳಬೇಕು. ವಿಂಡೋಸ್ ಇರುವವರು ವಿನ್‌ಡಿವಿ, ಲಿನಕ್ಸ್ ಇರುವವರು ಡಿವಿಗ್ರ್ಯಾಬ್, ಹಳೆಯ ಮ್ಯಾಕ್ ಇರುವವರು ಐಮೂವಿ ಎಂಬ ಸಾಧನಗಳನ್ನು ಉಪಯೋಗಿಸಬಹುದು. ಇಲ್ಲಿ ಆತುರವು ಸಲ್ಲದು. ಒಂದು ತಾಸಿನ ಟೇಪಿಗೆ ಒಂದು ತಾಸೇ ಬೇಕು, ಡಿಸ್ಕಿನಲ್ಲಿ ಸುಮಾರು 13 ಗಿಗಾಬೈಟ್ ಸ್ಥಳವೂ ಬೇಕು. ಸ್ಥಳವನ್ನು ಉಳಿಸಲಿಕ್ಕಾಗಿ ಆಗಲೇ ಕುಗ್ಗಿಸಬಾರದು. ಬಂದುದನ್ನು ಬಂದ ಹಾಗೆಯೇ ಇಟ್ಟು, ಬಂಧುಗಳಿಗೆ ಕಳುಹಿಸಲು ಬೇರೆ ಚಿಕ್ಕ ಪ್ರತಿಯನ್ನು ಮಾಡಿಕೊಳ್ಳಬಹುದು. ‘ಎಲ್‌ಪಿ’ ವೇಗದಲ್ಲಿ ತುಂಬಿಸಿದ ಟೇಪುಗಳು ಕೆಲವೊಮ್ಮೆ ತಮ್ಮನ್ನು ಚಿತ್ರಿಸಿದ ಕ್ಯಾಮರಾದಲ್ಲಿ ಹೊರತು ಬೇರೊಂದರಲ್ಲಿ ಸರಿಯಾಗಿ ಓಡವು.

ವಿಎಚ್‌ಎಸ್, ಹೈ-8 ಮುಂತಾದ ಇನ್ನೂ ಹಳೆಯ ಟೇಪುಗಳಿಗೆ ಹಳದಿ, ಬಿಳಿ, ಕೆಂಪು ಬಣ್ಣದ ತಂತಿಗಳೂ, ಅವುಗಳನ್ನು ಯುಎಸ್‌ಬಿಗೆ ಸೇರಿಸುವ ಒಂದು ಚಿಕ್ಕ ಪರಿವರ್ತಕವೂ ಬೇಕು.

ಇನ್ನು ಬಿಡಿಚಿತ್ರಗಳು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು; ಒಂದೊಂದರಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಅಂದರೆ ಕೂಡಿ ನಾಲ್ಕು ಲಕ್ಷಕ್ಕೆ ಸ್ವಲ್ಪ ಹೆಚ್ಚು ಚುಕ್ಕೆಗಳು. ಒಳ್ಳೆಯ ಮುದ್ರಣದಲ್ಲಿ ಇದು ಎರಡೂವರೆ ಅಂಗುಲದಷ್ಟು ಅಗಲಕ್ಕೆ ಮಾತ್ರ ಸಾಲುವದು. ಗೋಡೆಗೆ ತೂಗಹಾಕುವ ಪಟವನ್ನು ಇದರಿಂದ ನಿರೀಕ್ಷಿಸಬಾರದು. ಇಂಥ ಸಂಚಿಕೆಯ ಪುಟದಲ್ಲಿ ಒಂದು ಮುಖವನ್ನು ತೋರಿಸಲು ಧಾರಾಳವಾಗಿ ಸಾಕು. ಪ್ರತಿಯೊಂದು ಚಿತ್ರದಲ್ಲಿಯೂ ಬೆಸ ಗೆರೆಗಳೂ ಸರಿ ಗೆರೆಗಳೂ ಸೆಕೆಂಡಿನ ಐವತ್ತನೆಯ ಒಂದು ಪಾಲಿನ ಅಂತರದಲ್ಲಿ ಬರೆಯಲ್ಪಟ್ಟಿರುವದರಿಂದ, ಬೀಸುವ ಕೈಯು ಬಾಚಣಿಗೆಯ ಹಲ್ಲಿನಂತೆ ತೋರುವದು. ವಿಎಲ್‌ಸಿ ಎಂಬ ಸಾಧನದಲ್ಲಿ ‘ಡಿಇಂಟರ್ಲೇಸ್’ ಎಂಬದನ್ನು ಆರಿಸಿದರೆ ಇದು ಬಹಳಮಟ್ಟಿಗೆ ಹೋಗುವದು. ಅದಕ್ಕಿಂತಲೂ ಉತ್ತಮವಾದ ಉಪಾಯವೆಂದರೆ ಆಕೆಯು ಅಲುಗದೆ ನಿಂತ ಗಳಿಗೆಯನ್ನು, ಅಂದರೆ ಬಹುಮಾನಕ್ಕಾಗಿ ಕಾದು ನಿಂತಿರುವಾಗ, ಪ್ರಾರ್ಥನೆಯ ಆರಂಭದಲ್ಲಿ, ಹೀಗೆ ಹುಡುಕಿ, ಅಲ್ಲಿ ನಿಲ್ಲಿಸಿ ‘ಸ್ನ್ಯಾಪ್‌ಶಾಟ್’ ತೆಗೆಯುವದು. ತೆಗೆದ ಚಿತ್ರದಲ್ಲಿ ಮುಖವು ಸಣಕಲಾಗಿ ಕಂಡರೆ ಅಗಲವನ್ನು 768ಕ್ಕೆ ಹಿಗ್ಗಿಸಬೇಕು.

ಇಳಿಸಿಕೊಂಡದ್ದನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ ಇಡತಕ್ಕದ್ದು. ಮೂಲ ಟೇಪನ್ನೂ ಎಸೆಯಬಾರದು. ಪ್ರತಿಯೊಂದಕ್ಕೂ ಇಸವಿಯನ್ನೂ ಸಂದರ್ಭವನ್ನೂ ಹೆಸರಾಗಿ ಕೊಟ್ಟು, ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯವಳು ಯಾರೆಂದು ಹೇಳಬಲ್ಲವರು ನಮ್ಮ ನಡುವೆ ಇರುವಾಗಲೇ ಅವರನ್ನು ಕೂಡಿಸಿ ತೋರಿಸಿ, ಹೆಸರುಗಳನ್ನು ಬರೆದುಕೊಳ್ಳಬೇಕು.